ಸೂಜಿ ಹಿಡಿಯುವ ಮುನ್ನ: ಹಸುವಿನ ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ ಬಗ್ಗೆ ಸದಸ್ಯರು ತಿಳಿದಿರಬೇಕಾದ ವಿಷಯಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಬೆಳಗಿನ ಹಾಲು ಡೈರಿಗೆ ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿ, ಇಷ್ಟು ದೂರ ಬಂದು ಕುಳಿತಿದ್ದೀರಿ. ತಮ್ಮ ವೇಳೆ ವ್ಯರ್ಥವಾಗದಂತೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಂದು ನಾನು ಮೇವಿನ ಬಗ್ಗೆಯಾಗಲಿ, ತಳಿಯ ಬಗ್ಗೆಯಾಗಲಿ ಮಾತನಾಡುವುದಿಲ್ಲ. ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಒಂದು ಕೆಲಸದ ಬಗ್ಗೆ ಮಾತನಾಡುತ್ತೇನೆ. ಅದು ಹಸುವಿಗೆ ನಾವೇ ಇಂಜೆಕ್ಷನ್ ಮಾಡುವ ಕೆಲಸ.

ಇದು ಏಕೆ ನಡೆಯುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ. ಸಿಂಗಟಗೆರೆ, ಪಂಚನಹಳ್ಳಿ ಕಡೆಯ ಒಂಟಿ ತೋಟದ ಮನೆಗಳು, ಲಕ್ಕವಳ್ಳಿ ಕಡೆಯ ಹಳ್ಳಿಗಳು, ಶಿವನಿ ಸುತ್ತಿನ ಊರುಗಳು ಇವೆಲ್ಲ ಪಶು ಆಸ್ಪತ್ರೆಯ ಬಾಗಿಲಲ್ಲಿ ಇಲ್ಲ. ಡಾಕ್ಟರು ಮೊದಲ ದಿನ ಬಂದು ನೋಡುತ್ತಾರೆ, ಮದ್ದು ಕೊಡುತ್ತಾರೆ. "ಇದನ್ನೇ ಇನ್ನೂ ಎರಡು ದಿನ ಕೊಡಬೇಕು" ಎಂದು ಹೇಳಿ ಚೀಟಿ ಬರೆಯುತ್ತಾರೆ. ಎರಡನೆಯ ದಿನ ಅವರು ಬೇರೊಂದು ಊರಿನಲ್ಲಿ ಕರು ಎಳೆಯುತ್ತಿರುತ್ತಾರೆ. ಆಗ ಸೂಜಿ ಮನೆಯವರ ಕೈಗೆ ಬರುತ್ತದೆ. ಕಾಲೇಜು ಓದುತ್ತಿರುವ ಮಗ ಹಾಕುತ್ತಾನೆ, ಇಲ್ಲವೇ ಯಜಮಾನರೇ ಹಾಕುತ್ತಾರೆ, ಅನೇಕ ಕಡೆ ಹಾಲು ಕರೆಯುವ ತಾಯಂದಿರೇ ಹಾಕುತ್ತಾರೆ.

ಹಿಂದೊಮ್ಮೆ ನಾನು ನೋಡಿದ ಒಂದು ಕಡಸಿನ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಒಳ್ಳೆಯ ಮಿಶ್ರತಳಿ ಕಡಸು, ಜ್ವರದಿಂದ ಸ್ವಲ್ಪ ಬಡವಾಗಿತ್ತು. ಮೊದಲ ದಿನದ ಚಿಕಿತ್ಸೆಗೆ ಜ್ವರ ಇಳಿದಿತ್ತು. ಎರಡನೆಯ ದಿನದ ಇಂಜೆಕ್ಷನ್ನನ್ನು ಮನೆಯವರು ಹಿಂದಿನ ತೊಡೆಯ ಹಿಂಭಾಗಕ್ಕೆ ಹಾಕಿದರು. ಔಷಧ ಸರಿಯಾದದ್ದೇ, ಪ್ರಮಾಣವೂ ಸರಿಯೇ. ಸಂಜೆಗೆ ಕಡಸು ಆ ಕಾಲಿನ ಗೊರಸನ್ನು ಮಡಚಿ ಎಳೆಯತೊಡಗಿತು. ಸೂಜಿಯೂ ಮದ್ದೂ ಕಾಲಿನ ದೊಡ್ಡ ನರಕ್ಕೆ ತಾಗಿದ್ದವು. ಜ್ವರ ವಾಸಿಯಾಯಿತು, ಆದರೆ ಕಾಲು ಮೊದಲಿನಂತೆ ಆಗಲೇ ಇಲ್ಲ. ತಪ್ಪಾಗಿದ್ದದ್ದು ಜಾಗ ಒಂದೇ.

ಆ ಮನೆಯವರನ್ನು ದೂರುವಂತಿರಲಿಲ್ಲ. ಎಲ್ಲಿ ಚುಚ್ಚಬೇಕೆಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಅದಕ್ಕಾಗಿಯೇ ಈ ಮಾತು.

ಮೊದಲನೆಯದಾಗಿ: ಆರಂಭ ನಮ್ಮದಲ್ಲ

ಒಂದು ಗೆರೆಯನ್ನು ಮೊದಲೇ ಎಳೆಯುತ್ತೇನೆ. ರೋಗ ಯಾವುದು, ಔಷಧ ಯಾವುದು, ಎಷ್ಟು ಎಂದು ತೀರ್ಮಾನಿಸುವುದು ಪಶುವೈದ್ಯರ ಕೆಲಸ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಈ ಅಧಿಕಾರವನ್ನು ನೋಂದಾಯಿತ ಪಶುವೈದ್ಯರಿಗೆ ಕೊಟ್ಟಿದೆ. ಕಾಯ್ದೆಯ ಮಾತು ಹಾಗಿರಲಿ, ಹಸುವಿನ ಹಿತವೂ ಅದರಲ್ಲೇ ಇದೆ. ಮೇವು ಬಿಟ್ಟ ಹಸುವಿಗೆ ಹೊಟ್ಟೆಯುಬ್ಬರವೋ, ಹಾಲು ಜ್ವರವೋ, ಉಣ್ಣೆಯಿಂದ ಬಂದ ಜ್ವರವೋ, ಕೆಚ್ಚಲು ಬಾವೋ ಎಂಬುದನ್ನು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಹೇಳಲು ಬರುವುದಿಲ್ಲ. ಕಳೆದ ಸಲ ಉಳಿದ ಅರ್ಧ ಬಾಟಲಿ ಮದ್ದು, ಪಕ್ಕದ ಮನೆಯ ಹಸುವಿಗೆ ಹಿಡಿದ ಮದ್ದು ಇವೆರಡೂ ನಿಮ್ಮ ಹಸುವಿನ ಮದ್ದಲ್ಲ.

ಆದ್ದರಿಂದ ನಾನು ಇಂದು ಹೇಳುವುದು ಒಂದೇ ಸಂದರ್ಭಕ್ಕೆ ಅನ್ವಯಿಸುತ್ತದೆ. ಡಾಕ್ಟರು ಹಸುವನ್ನು ನೋಡಿದ್ದಾರೆ, ಚೀಟಿ ಬರೆದಿದ್ದಾರೆ, ಮಾಂಸಖಂಡಕ್ಕೆ ಕೊಡುವ ಉಳಿದ ಇಂಜೆಕ್ಷನ್ ನೀವೇ ಹಾಕಿ ಎಂದು ಹೇಳಿದ್ದಾರೆ, ಒಮ್ಮೆ ಕೈಹಿಡಿದು ತೋರಿಸಿದ್ದಾರೆ. ಅಷ್ಟರ ಮಟ್ಟಿಗೆ ಮಾತ್ರ.

ಡಾಕ್ಟರು ಹೊರಡುವ ಮುನ್ನ ಅವರನ್ನು ಐದು ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ಯಾವ ಔಷಧ? ಎಷ್ಟು ಮಿಲಿ? ಎಲ್ಲಿಗೆ, ಅಂದರೆ ಮಾಂಸಖಂಡಕ್ಕೋ ಚರ್ಮದಡಿಗೋ? ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ? ಕೊನೆಯ ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು? ಈ ಐದರಲ್ಲಿ ಒಂದಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ಸೂಜಿ ಹಿಡಿಯಬೇಡಿ.

ನಾವು ಮುಟ್ಟಬಾರದ ಇಂಜೆಕ್ಷನ್‌ಗಳು

ಎಲ್ಲ ಮದ್ದೂ ಮಾಂಸಖಂಡಕ್ಕೆ ಹೋಗುವುದಿಲ್ಲ. ಹಾಲು ಜ್ವರಕ್ಕೆ ಕೊಡುವ ಕ್ಯಾಲ್ಸಿಯಂ ಬಾಟಲಿ ರಕ್ತನಾಳಕ್ಕೆ ನಿಧಾನವಾಗಿ ಹೋಗಬೇಕಾದದ್ದು. ಅವಸರದಲ್ಲಿ ಹೋದರೆ ಹೃದಯ ನಿಂತು ಹಸು ಅಲ್ಲೇ ಸಾಯಬಹುದು. ಮಾಂಸಖಂಡಕ್ಕೆ ಹಾಕಿದರೆ ಆ ಜಾಗ ಕೊಳೆಯುತ್ತದೆ. ಕರು ಹಾಕಿದ ಹಸು ನೆಲ ಹಿಡಿದಿದ್ದರೆ ಮನೆಯಲ್ಲಿ ಕ್ಯಾಲ್ಸಿಯಂ ಬಾಟಲಿ ಇದ್ದರೂ ಡಾಕ್ಟರನ್ನೇ ಕರೆಯಿರಿ. ಉಣ್ಣೆ, ಹೇನು, ಜಂತುಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಚರ್ಮದಡಿಗೆ ಹೋಗಬೇಕಾದದ್ದು, ಮಾಂಸಕ್ಕಲ್ಲ.

ಗಬ್ಬದ ಹಸುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಡೆಕ್ಸಾಮೆಥಸೋನ್‌ನಂಥ ಔಷಧ ತುಂಬುಗಬ್ಬದ ಹಸುವಿಗೆ ಹೋದರೆ ಅವಧಿಗೆ ಮುಂಚೆಯೇ ಕರು ಬೀಳಬಹುದು. ಹಸು ಗಬ್ಬ ಎಂಬುದನ್ನು, ಎಷ್ಟನೆಯ ತಿಂಗಳು ಎಂಬುದನ್ನು, ಡಾಕ್ಟರು ಕೇಳದಿದ್ದರೂ ನೀವೇ ಹೇಳಬೇಕು.

ನೋವಿಗೆಂದು ಡೈಕ್ಲೊಫೆನಾಕ್ ಕೊಡುವುದು ಹಿಂದೆ ರೂಢಿಯಲ್ಲಿತ್ತು. ಆ ಮದ್ದು ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು ಗೊತ್ತಾದ ಮೇಲೆ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಕೂಡ ನಿಷೇಧಕ್ಕೆ ಒಳಗಾದವು. ಮನುಷ್ಯರ ಔಷಧಿ ಅಂಗಡಿಯಿಂದ ತಂದು ದನಕ್ಕೆ ಹಾಕುವುದೂ ತಪ್ಪೇ.

ಇನ್ನು ಹಾಲು ಇಳಿಸಲೆಂದು ಕೆಲವರು ಹಾಕುವ ಆಕ್ಸಿಟೋಸಿನ್. ಇದನ್ನು ಸ್ಪಷ್ಟವಾಗಿಯೇ ಹೇಳಬೇಕು. ಹೆರಿಗೆ ಸಮಯದಲ್ಲಿ ವೈದ್ಯರು ಬಳಸುವ ಔಷಧ ಅದು. ದಿನವೂ ಅದನ್ನು ಚುಚ್ಚಿ ಹಾಲು ಇಳಿಸಿದರೆ ಹಸು ಕ್ರಮೇಣ ಸೂಜಿ ಇಲ್ಲದೆ ತೊರೆಯದಂತೆ ಆಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಕಲಮಿನ ಪ್ರಕಾರ, ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಹಾಲಿಗಾಗಿ ಯಾವುದೇ ಪದಾರ್ಥ ಚುಚ್ಚುವುದು ಶಿಕ್ಷಾರ್ಹ ಅಪರಾಧ. ಸಾವಿರ ರೂಪಾಯಿವರೆಗೆ ದಂಡ, ಎರಡು ವರ್ಷದವರೆಗೆ ಸೆರೆವಾಸ ಆಗಬಹುದು, ಹಸುವೂ ಸರ್ಕಾರದ ವಶವಾಗಬಹುದು. ಕರು ಸತ್ತ ಹಸು ತೊರೆಯದಿದ್ದರೆ ಬೆಚ್ಚನೆಯ ನೀರಿನಲ್ಲಿ ಕೆಚ್ಚಲು ತೊಳೆದು, ಮೃದುವಾಗಿ ನೀವಿ, ಹಿಂಡಿ ಇಟ್ಟು, ದಿನವೂ ಒಂದೇ ಹೊತ್ತಿಗೆ ಒಬ್ಬರೇ ಕರೆದು ಅಭ್ಯಾಸ ಮಾಡಿಸಿ. ತಾಳ್ಮೆ ಬೇಕು, ಆದರೆ ಅದೇ ದಾರಿ.

ಲಸಿಕೆಗಳನ್ನೂ ಇಲಾಖೆಯ ಸಿಬ್ಬಂದಿಗೇ ಬಿಡಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆಯನ್ನು ಮನೆ ಬಾಗಿಲಿಗೆ ಬಂದು ಹಾಕುತ್ತಾರೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು, ಕಾಯ್ದರೆ ಕೆಲಸಕ್ಕೆ ಬರುವುದಿಲ್ಲ. ಒಂದೆರಡು ದಿನ ಹಾಲು ಸ್ವಲ್ಪ ಕಡಿಮೆಯಾಗುತ್ತದೆಂದು ಲಸಿಕೆ ಬೇಡವೆನ್ನಬೇಡಿ. ರೋಗ ಬಂದರೆ ಆ ಸೂಲಿನ ಹಾಲೇ ಹೋಗುತ್ತದೆ.

ಸಿದ್ಧತೆ

ಈಗ ಕೆಲಸಕ್ಕೆ ಬರೋಣ. ಮೊದಲು ಬಾಟಲಿ ಓದಿ. ಹೆಸರು ಚೀಟಿಯಲ್ಲಿರುವುದೇ? ಅವಧಿ ಮುಗಿದಿಲ್ಲವೇ? ಮದ್ದಿನ ಬಣ್ಣ ಬದಲಾಗಿದೆಯೇ, ತಳದಲ್ಲಿ ಗಸಿ ಕಟ್ಟಿದೆಯೇ? ಅನುಮಾನ ಬಂದರೆ ಬಿಡಿ. ಪುಡಿ ರೂಪದ ಆಂಟಿಬಯೋಟಿಕ್ ಆದರೆ ಅದರ ಜೊತೆ ಕೊಟ್ಟಿರುವ ಶುದ್ಧೀಕರಿಸಿದ ನೀರಿನಲ್ಲೇ ಕರಗಿಸಬೇಕು. ಬೋರ್‌ವೆಲ್ ನೀರು, ಕುದಿಸಿ ಆರಿಸಿದ ನೀರು ಕೂಡದು. ಪುಡಿ ಪೂರ್ತಿ ಕರಗುವವರೆಗೆ ಅಲುಗಿಸಿ, ಕರಗಿಸಿದ ಮೇಲೆ ತಡಮಾಡದೆ ಬಳಸಿ. ಎರಡು ಬೇರೆ ಬೇರೆ ಔಷಧಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ. ಅವು ಒಂದರ ಗುಣ ಒಂದು ಕೆಡಿಸಬಹುದು.

ಸಿರಿಂಜ್ ಮತ್ತು ಸೂಜಿ ಹೊಸದಾಗಿರಬೇಕು. ಹಿಂದಿನ ಕಾಲದಲ್ಲಿ ಗಾಜಿನ ಸಿರಿಂಜನ್ನೂ ಸೂಜಿಯನ್ನೂ ಪಾತ್ರೆಯಲ್ಲಿ ಕುದಿಸಿ ಬಳಸುತ್ತಿದ್ದುದನ್ನು ಹಿರಿಯರು ನೋಡಿದ್ದೀರಿ. ಈಗಿನ ಪ್ಲಾಸ್ಟಿಕ್ ಸಿರಿಂಜ್ ಒಂದು ಸಲ ಬಳಸಿ ಬಿಸಾಡುವುದಕ್ಕೇ ಮಾಡಿದ್ದು, ಕುದಿಸಿ ಮತ್ತೆ ಬಳಸುವುದಕ್ಕಲ್ಲ. ಒಮ್ಮೆ ಬಳಸಿದ ಸೂಜಿಯ ಮೊನೆ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ, ಮತ್ತೆ ಚುಚ್ಚಿದರೆ ಮಾಂಸವನ್ನು ಹರಿಯುತ್ತದೆ. ಒಂದೇ ಸೂಜಿಯನ್ನು ನಾಲ್ಕು ಹಸುಗಳಿಗೆ ಬಳಸಿದರೆ ಒಂದರ ರಕ್ತದಲ್ಲಿರುವ ರೋಗ ನಾಲ್ಕಕ್ಕೂ ಹೋಗಬಹುದು. ಉಣ್ಣೆಯಿಂದ ಬರುವ ಅನಾಪ್ಲಾಸ್ಮ ರೋಗ ಸೂಜಿಯಿಂದಲೂ ಹರಡುತ್ತದೆ. 2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವೂ ಕಚ್ಚುವ ನೊಣಗಳಂತೆಯೇ ಕೊಳಕು ಸೂಜಿಯಿಂದಲೂ ದಾಟಬಲ್ಲದು. ಒಂದು ಹಸುವಿಗೆ ಒಂದು ಸೂಜಿ ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ.

ಸೂಜಿಯ ನಂಬರ್ ಹೆಚ್ಚಾದಷ್ಟೂ ಸೂಜಿ ತೆಳುವಾಗುತ್ತದೆ ಎಂಬುದು ನೆನಪಿರಲಿ. ದೊಡ್ಡ ಹಸುವಿಗೆ 16 ಅಥವಾ 18 ನಂಬರಿನ, ಒಂದರಿಂದ ಒಂದೂವರೆ ಇಂಚು ಉದ್ದದ ಸೂಜಿ. ಕರುವಿಗೆ 18 ಅಥವಾ 20 ನಂಬರಿನ, ಒಂದು ಇಂಚಿನ ಸೂಜಿ. ತೀರ ಚಿಕ್ಕ ಸೂಜಿಯಾದರೆ ಮದ್ದು ಚರ್ಮದಡಿಯಲ್ಲೇ ಉಳಿದು ಗಂಟು ಕಟ್ಟುತ್ತದೆ. ಬಾಟಲಿಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಮದ್ದು ಎಳೆಯಿರಿ. ಎಳೆದ ಮೇಲೆ ಸೂಜಿಯನ್ನು ಬಾಟಲಿಯಲ್ಲೇ ನೆಟ್ಟು ಬಿಡಬೇಡಿ. ಸಿರಿಂಜನ್ನು ಮೇಲ್ಮುಖವಾಗಿ ಹಿಡಿದು ಬೆರಳಿನಿಂದ ತಟ್ಟಿ ಗಾಳಿಗುಳ್ಳೆ ಹೊರಹಾಕಿ. ಹಸುವಿಗೆ ಚುಚ್ಚಲು ಬೇರೆ ಹೊಸ ಸೂಜಿ ಇಟ್ಟುಕೊಳ್ಳಿ.

ಹಸುವನ್ನು ಹಿಡಿಯುವುದು

ಇಂಜೆಕ್ಷನ್ ಕೆಡುವುದಕ್ಕೆ ಅರ್ಧ ಕಾರಣ ಸರಿಯಾಗಿ ಹಿಡಿಯದಿರುವುದು. ನಮ್ಮ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಕಾವಲುಗಳಲ್ಲಿ ಬಯಲಲ್ಲೇ ಬೆಳೆಯುವ ಆ ದನಗಳ ಸಿಟ್ಟು, ಚುರುಕು ಈ ಸೀಮೆಯವರಿಗೆ ಹೊಸದಲ್ಲ. ಅಂಥ ದನವನ್ನು ಬಯಲಲ್ಲಿ ಹಿಡಿದು ಯಾರೂ ಸೂಜಿ ಚುಚ್ಚಲು ಹೋಗುವುದಿಲ್ಲ. ಆದರೆ ಮನೆಯ ಸಾಧು ಹಸು ಎಂದರೆ ನಮಗೆ ಸದರ. "ನಮ್ಮ ಗೌರಿ ಏನೂ ಮಾಡುವುದಿಲ್ಲ" ಎನ್ನುತ್ತೇವೆ. ಸೂಜಿ ತಾಗಿದ ಕ್ಷಣ ಗೌರಿಯೂ ತಲೆ ಬೀಸುತ್ತಾಳೆ, ಒದೆಯುತ್ತಾಳೆ.

ಹಸುವನ್ನು ಗಟ್ಟಿ ಕಂಬಕ್ಕೆ ಗಿಡ್ಡವಾಗಿ ಕಟ್ಟಿ. ಬಿಚ್ಚಲು ಎಳೆದರೆ ಬರುವ ಗಂಟು ಹಾಕಿ. ಬಿದ್ದಾಗ ಕುತ್ತಿಗೆಗೆ ಬಿಗಿಯುವ ಜೀರುಗುಣಿಕೆ ಬೇಡ. ಹಸುವಿಗೆ ಪರಿಚಯವಿರುವ ಇನ್ನೊಬ್ಬರು ತಲೆಯ ಬಳಿ ನಿಂತು ಮೂಗುದಾರ ಹಿಡಿದು ಮಾತನಾಡಿಸುತ್ತಿರಲಿ. ನೀವು ಭುಜದ ಪಕ್ಕದಲ್ಲಿ, ಹಸುವಿನ ಮೈಗೆ ಹತ್ತಿರವಾಗಿ ನಿಲ್ಲಿ. ಹಸು ಪಕ್ಕಕ್ಕೂ ಒದೆಯುತ್ತದೆ, ಹಿಂಗಾಲಿನ ಸುತ್ತಳತೆಯಲ್ಲಿ ನಿಲ್ಲಬೇಡಿ. ಗೋಡೆಗೂ ಹಸುವಿಗೂ ನಡುವೆ ಸಿಕ್ಕಿಕೊಳ್ಳಬೇಡಿ. ಮಕ್ಕಳು ಕೊಟ್ಟಿಗೆಯಿಂದ ಹೊರಗಿರಲಿ. ಹಸು ಮಾತು ಕೇಳದಿದ್ದರೆ ಹಟ ಮಾಡಬೇಡಿ. ಪಶು ಆಸ್ಪತ್ರೆಯ ಟ್ರೆವಿಸ್‌ಗೆ ಹೊಡೆದುಕೊಂಡು ಹೋಗುವುದೇ ಲೇಸು.

ಜಾಗ: ಕುತ್ತಿಗೆಯೇ ಸುರಕ್ಷಿತ

ಇದು ಇಂದಿನ ಮಾತಿನ ಮುಖ್ಯ ಭಾಗ. ವೈದ್ಯರು ಬೇರೆ ಹೇಳದಿದ್ದರೆ ಮಾಂಸಖಂಡದ ಇಂಜೆಕ್ಷನ್ನನ್ನು ಕುತ್ತಿಗೆಗೇ ಹಾಕಿ. ಪೃಷ್ಠಕ್ಕೂ ತೊಡೆಗೂ ನುರಿತವರು ಹಾಕುವುದುಂಟು. ಆದರೆ ಸೊಂಟದಿಂದ ತೊಡೆಯ ಹಿಂದೆ ಇಳಿಯುವ ದೊಡ್ಡ ನರ ಎಲ್ಲಿದೆ ಎಂದು ಅವರಿಗೆ ಗೊತ್ತು. ಬಡಕಲು ದನ, ಕರು, ಕಡಸುಗಳಲ್ಲಿ ಆ ನರದ ಮೇಲೆ ಮಾಂಸ ಕಡಿಮೆ, ಅಪಾಯ ಹೆಚ್ಚು. ಮೇಲಾಗಿ ಹಿಂಭಾಗ ಸದಾ ಸಗಣಿ ಹತ್ತಿರುವ ಜಾಗ, ಒದೆ ಬೀಳುವ ಜಾಗ.

ಕುತ್ತಿಗೆಯಲ್ಲಿ ಎಲ್ಲಿ? ಪಕ್ಕದಿಂದ ನೋಡಿದರೆ ಮೂರು ಗೆರೆಗಳು. ಮೇಲೆ, ಕುತ್ತಿಗೆಯ ಏಣಿನ ಉದ್ದಕ್ಕೂ ಹಗ್ಗದಂತೆ ಗಟ್ಟಿಯಾಗಿ ಸಿಗುವ ಪಟ್ಟಿ. ಕೆಳಗೆ, ಒತ್ತಿದರೆ ಕೈಗೆ ತಾಗುವ ಕುತ್ತಿಗೆಯ ಮೂಳೆ. ಹಿಂದೆ, ಭುಜದ ಮೂಳೆಯ ಮುಂಚು. ಈ ಮೂರರ ನಡುವಿನ ತ್ರಿಕೋನವೇ ನಮ್ಮ ಜಾಗ. ಅಂಗೈಯ ಬುಡವನ್ನು ಭುಜದ ಮುಂಚಿಗೆ ತಾಗಿಸಿ ಕೈಯನ್ನು ಕುತ್ತಿಗೆಯ ನಡುಭಾಗದ ಮೇಲೆ ಚಪ್ಪಟೆಯಾಗಿ ಇಟ್ಟರೆ ಅಂಗೈ ಮುಚ್ಚುವಷ್ಟು ಜಾಗ ಹೆಚ್ಚುಕಡಿಮೆ ಅದೇ. ಕೆಳಕ್ಕೆ ಇಳಿದರೆ ಮೂಳೆ, ಅದಕ್ಕೂ ಕೆಳಗೆ ಕೊರಳಿನ ದೊಡ್ಡ ರಕ್ತನಾಳ. ತೀರ ಮೇಲೆ ಹೋದರೆ ಮದ್ದು ಆ ಗಟ್ಟಿ ಪಟ್ಟಿಯಲ್ಲಿ ಸಿಕ್ಕಿಕೊಂಡು ಮೈಗೆ ಹತ್ತುವುದಿಲ್ಲ. ಮುಂದಿನ ಸಲ ಡಾಕ್ಟರು ಬಂದಾಗ ಈ ತ್ರಿಕೋನವನ್ನು ನಿಮ್ಮ ಹಸುವಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು ತೋರಿಸಲು ಕೇಳಿ. ಭಾಷಣಕ್ಕಿಂತ ಅದು ಮೇಲು.

ಕೊಡುವ ಕ್ರಮ

1. ಕೈಯನ್ನು ಸೋಪಿನಿಂದ ತೊಳೆಯಿರಿ. ಜಾಗದಲ್ಲಿ ಸಗಣಿ, ಮಣ್ಣು ಇದ್ದರೆ ತೊಳೆದು, ಒಣಗಿಸಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಡಿ. ಒದ್ದೆ, ಕೊಳಕು ಚರ್ಮದ ಮೂಲಕ ಚುಚ್ಚಿದರೆ ಸೂಜಿಯೇ ಕೊಳೆಯನ್ನು ಒಳಗೆ ಒಯ್ಯುತ್ತದೆ. ಆಮೇಲೆ ಕೀವುಗಡ್ಡೆ ಆಗುತ್ತದೆ.

2. ಸೂಜಿಯನ್ನು ಸಿರಿಂಜಿನಿಂದ ಬಿಡಿಸಿ, ಬುಡವನ್ನು ಹೆಬ್ಬೆರಳು, ತೋರುಬೆರಳುಗಳಲ್ಲಿ ಹಿಡಿಯಿರಿ. ಜಾಗದ ಮೇಲೆ ಮುಷ್ಟಿಯ ಹಿಂಭಾಗದಿಂದ ಎರಡು ಮೂರು ಸಲ ತಟ್ಟಿ, ಅದೇ ಲಯದಲ್ಲಿ ಸೂಜಿಯನ್ನು ಚರ್ಮಕ್ಕೆ ನೇರವಾಗಿ, ಒಂದೇ ಸಲಕ್ಕೆ ಒಳಗೆ ಹೊಗಿಸಿ. ಅಳುಕುತ್ತ ನಿಧಾನವಾಗಿ ಚುಚ್ಚಿದರೆ ಹಸುವಿಗೆ ನೋವು ಹೆಚ್ಚು.

3. ಒಂದು ಕ್ಷಣ ನೋಡಿ. ಸೂಜಿಯ ಬುಡದಿಂದ ರಕ್ತ ತೊಟ್ಟಿಕ್ಕಿದರೆ ಅದು ರಕ್ತನಾಳದಲ್ಲಿದೆ. ತೆಗೆದುಬಿಡಿ, ಹೊಸ ಸೂಜಿಯಿಂದ ಬೇರೆ ಜಾಗಕ್ಕೆ ಚುಚ್ಚಿ.

4. ರಕ್ತ ಬಾರದಿದ್ದರೆ ಸಿರಿಂಜ್ ಸೇರಿಸಿ, ಕೊಳವೆಯ ದಿಂಡನ್ನು ಎರಡು ಮೂರು ಸೆಕೆಂಡು ಹಿಂದಕ್ಕೆ ಎಳೆದು ಮತ್ತೊಮ್ಮೆ ಪರೀಕ್ಷಿಸಿ. ಈ ಪರೀಕ್ಷೆಯನ್ನು ಎಂದೂ ಬಿಡಬೇಡಿ. ಮಾಂಸಕ್ಕೆ ಹೋಗಬೇಕಾದ ಪ್ರೊಕೇನ್ ಪೆನಿಸಿಲಿನ್‌ನಂಥ ಮದ್ದು ರಕ್ತನಾಳಕ್ಕೆ ಹೋದರೆ ಹಸು ನಿಂತಲ್ಲೇ ಕುಸಿಯಬಹುದು.

5. ಮದ್ದನ್ನು ನಿಧಾನವಾಗಿ ಒತ್ತಿ. ದೊಡ್ಡ ಹಸುವಿಗೆ ಒಂದು ಜಾಗದಲ್ಲಿ 10 ಮಿಲಿಗಿಂತ ಹೆಚ್ಚು, ಕರುವಿಗೆ 5 ಮಿಲಿಗಿಂತ ಹೆಚ್ಚು ಹಾಕಬೇಡಿ. 20 ಮಿಲಿ ಇದ್ದರೆ ಎರಡು ಭಾಗ ಮಾಡಿ, ನಾಲ್ಕು ಬೆರಳು ಅಂತರ ಬಿಟ್ಟು ಅಥವಾ ಕುತ್ತಿಗೆಯ ಎರಡೂ ಪಕ್ಕಕ್ಕೆ ಹಾಕಿ. ಮುಂದಿನ ಹೊತ್ತಿಗೆ ಜಾಗ ಬದಲಿಸಿ.

6. ಸೂಜಿಯನ್ನು ನೇರವಾಗಿ ತೆಗೆದು, ಹತ್ತಿಯಿಂದ ಒತ್ತಿ ಹಿಡಿದು ಸ್ವಲ್ಪ ತಿಕ್ಕಿ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. ಹೆಚ್ಚಿನವರು ಕೈ ಚುಚ್ಚಿಕೊಳ್ಳುವುದು ಆಗಲೇ.

ಆದ ಮೇಲೆ

ಇಂಜೆಕ್ಷನ್ ಹಾಕಿ ಹೊಲಕ್ಕೆ ಹೊರಟುಬಿಡಬೇಡಿ. ಅರ್ಧ ಗಂಟೆ ಹಸುವಿನ ಬಳಿ ಇರಿ. ಕೆಲವು ಹಸುಗಳಿಗೆ ಕೆಲವು ಔಷಧ ಒಗ್ಗುವುದಿಲ್ಲ. ಮೈ ನಡುಗುವುದು, ಏದುಸಿರು, ಕಣ್ಣುರೆಪ್ಪೆ ಮತ್ತು ತುಟಿ ಊದುವುದು, ಜೊಲ್ಲು ಸುರಿಯುವುದು, ತೂರಾಡುವುದು ಕಂಡರೆ ಒಂದು ನಿಮಿಷವೂ ಕಾಯದೆ ಡಾಕ್ಟರಿಗೆ ಅಥವಾ 1962 ಸಹಾಯವಾಣಿಗೆ ಫೋನ್ ಮಾಡಿ. ಕೊಟ್ಟ ಔಷಧದ ಹೆಸರು ಹೇಳಿ. ಆ ಔಷಧದ ಮುಂದಿನ ಇಂಜೆಕ್ಷನ್ ಕೊಡಬೇಡಿ, ಎಂದೆಂದಿಗೂ ನೆನಪಿರುವಂತೆ ಪುಸ್ತಕದಲ್ಲಿ ಬರೆದಿಡಿ.

ಜಾಗದಲ್ಲಿ ಸಣ್ಣ ಊತ ಒಂದೆರಡು ದಿನ ಇರುವುದು ಸಾಮಾನ್ಯ. ಊತ ದಿನೇ ದಿನೇ ದೊಡ್ಡದಾದರೆ, ಬಿಸಿಯಾದರೆ, ಮೆತ್ತಗಾದರೆ ಕೀವು ಕಟ್ಟಿದೆ ಎಂದು ತಿಳಿಯಿರಿ. ಬ್ಲೇಡಿನಿಂದ ನೀವೇ ಕೊಯ್ಯಬೇಡಿ. ಎರಡು ದಿನದ ಮದ್ದಿಗೂ ಜ್ವರ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸುವುದಲ್ಲ, ಡಾಕ್ಟರನ್ನು ಮತ್ತೆ ಕರೆಸುವುದು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಔಷಧಕ್ಕೂ ಸಲ್ಲುತ್ತದೆ. ಹಾಗೆಯೇ, ಹಸು ಮೇವು ಹಿಡಿಯಿತೆಂದು ಹೇಳಿದ ಅವಧಿಗೆ ಮುಂಚೆಯೇ ಮದ್ದು ನಿಲ್ಲಿಸುವುದೂ ತಪ್ಪು. ಅರೆಬರೆ ಚಿಕಿತ್ಸೆಯಲ್ಲಿ ಉಳಿದ ರೋಗಾಣುಗಳು ಮುಂದಿನ ಸಲ ಅದೇ ಮದ್ದಿಗೆ ಬಗ್ಗುವುದಿಲ್ಲ.

ಕುತ್ತಿಗೆಗೆ ಹಾಕಿದ್ದು ಕ್ಯಾನಿಗೆ ಬರುತ್ತದೆ

ಬಂಧುಗಳೇ, ಸೂಜಿಯ ಕೆಲಸ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಕುತ್ತಿಗೆಗೆ ಹಾಕಿದ ಔಷಧ ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಕೆಚ್ಚಲಿಗೆ ಬರುತ್ತದೆ. ಕೆಚ್ಚಲು ಬಾವು ಒಂದೇ ಮೊಲೆಗೆ ಬಂದಿದೆ, ಉಳಿದ ಮೂರು ಮೊಲೆಯ ಹಾಲು ಚೆನ್ನಾಗಿದೆ ಎಂದು ಡೈರಿಗೆ ಹಾಕುವವರಿದ್ದಾರೆ. ಮಾಂಸಖಂಡಕ್ಕೆ ಹಾಕಿದ ಆಂಟಿಬಯೋಟಿಕ್ ನಾಲ್ಕೂ ಮೊಲೆಗಳಿಗೆ ಬರುತ್ತದೆ. ನೋಡಲು ಹಾಲು ಬಿಳಿಯಾಗಿಯೇ ಇರುತ್ತದೆ, ಲ್ಯಾಕ್ಟೋಮೀಟರ್ ಏನೂ ಹೇಳುವುದಿಲ್ಲ, ಕೊಬ್ಬಿನಂಶವೂ ಸರಿಯಾಗಿಯೇ ಇರಬಹುದು.

ಆ ಹಾಲು ಸಂಘದಲ್ಲಿ ಊರಿನ ಎಲ್ಲರ ಹಾಲಿನ ಜೊತೆ ಬೆರೆಯುತ್ತದೆ, ಶೀತಲೀಕರಣ ಕೇಂದ್ರದಲ್ಲಿ ಹತ್ತಾರು ಊರುಗಳ ಹಾಲಿನ ಜೊತೆ ಬೆರೆಯುತ್ತದೆ. ಹೆಪ್ಪು ಹಾಕಿದರೆ ಮೊಸರಾಗದು, ಏಕೆಂದರೆ ಹೆಪ್ಪಿನ ಜೀವಾಣುಗಳನ್ನೂ ಆ ಔಷಧ ಕೊಲ್ಲುತ್ತದೆ. ಇನ್ನೂ ಕಡಿಮೆ ಪ್ರಮಾಣವಾದರೆ ಮೊಸರು ಆಗಿಯೂಬಿಡುತ್ತದೆ, ಆದರೆ ಔಷಧ ಹೊಟ್ಟೆಗೆ ಹೋಗುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಒಗ್ಗದ ಯಾವುದೋ ಮಗು ಅದನ್ನು ಕುಡಿಯಬಹುದು. ಹಾಲಿನಲ್ಲಿ ಇಂಥ ಔಷಧಗಳ ಅಂಶ ಎಷ್ಟನ್ನು ಮೀರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಮಿತಿ ಮೀರಿದ ಹಾಲು ತಿರಸ್ಕಾರವಾದರೆ ನಷ್ಟ ಒಬ್ಬರದಲ್ಲ, ಎಲ್ಲರದು.

ಎಷ್ಟು ದಿನ ಹಾಲು ಹಾಕಬಾರದು? ಬಾಟಲಿಯ ಮೇಲೆ ಬರೆದಿರಬೇಕು, ಡಾಕ್ಟರೂ ಹೇಳಬೇಕು. ಔಷಧ ನಿಯಮಗಳಿಗೆ 2012ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ನಿರ್ದಿಷ್ಟ ಅವಧಿಯನ್ನು ಪರೀಕ್ಷಿಸಿ ಗೊತ್ತುಮಾಡಿರದ ಔಷಧಕ್ಕೆ ಹಾಲಿನ ಮಟ್ಟಿಗೆ ಆ ಅವಧಿ 7 ದಿನಕ್ಕೆ ಕಡಿಮೆ ಇರಬಾರದು. ಲೆಕ್ಕವನ್ನು ಮೊದಲ ಇಂಜೆಕ್ಷನ್‌ನಿಂದ ಅಲ್ಲ, ಕೊನೆಯ ಇಂಜೆಕ್ಷನ್‌ನಿಂದ ಹಿಡಿಯಬೇಕು. ಆ ಹಸುವನ್ನು ಕೊನೆಯಲ್ಲಿ, ಬೇರೆ ಪಾತ್ರೆಗೆ ಕರೆಯಿರಿ. ಆ ಹಾಲು ಮನೆಗೂ ಬೇಡ, ಕರುವಿಗೂ ಬೇಡ. ದೂರದಲ್ಲಿ ಗುಂಡಿ ತೆಗೆದು ಸುರಿಯಿರಿ. ಕೈಯಲ್ಲಿ ಕರೆದ ಹಾಲನ್ನು ನೆಲಕ್ಕೆ ಸುರಿಯುವಾಗ ಹೊಟ್ಟೆ ಉರಿಯುವುದು ನನಗೂ ಗೊತ್ತು. ಚಿಕಿತ್ಸೆಯ ಖರ್ಚಿನಲ್ಲಿ ಇದೂ ಒಂದು ಭಾಗ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಸಂಘದ ಕಾರ್ಯದರ್ಶಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಕಾರ್ಯದರ್ಶಿಗಳಿಗೂ ನನ್ನ ವಿನಂತಿ: ಹಾಗೆ ಹೇಳಿದ ಸದಸ್ಯರನ್ನು ಎಲ್ಲರೆದುರು ಕೀಳಾಗಿ ಕಾಣಬೇಡಿ. ಅವರು ಸಂಘವನ್ನು ಉಳಿಸಿದವರು.

ನಮ್ಮ ಕೈಯ ಕ್ಷೇಮ

ಕೊನೆಯದಾಗಿ, ಸೂಜಿ ಹಿಡಿದವರ ಬಗ್ಗೆ ಎರಡು ಮಾತು. ಕೈಗೆ ಸೂಜಿ ಚುಚ್ಚಿಕೊಂಡರೆ ಬಾಯಿಂದ ಹೀರಬೇಡಿ, ಹಿಂಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದು, ಔಷಧದ ಬಾಟಲಿ ಸಹಿತ ಮನುಷ್ಯರ ಆಸ್ಪತ್ರೆಗೆ ಹೋಗಿ ತೋರಿಸಿ. ಹಸುವನ್ನು ಬೆದೆಗೆ ತರಲು ಬಳಸುವ ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಗರ್ಭಿಣಿಯರು ಮತ್ತು ಉಬ್ಬಸ ಇರುವವರು ಅದರ ಬಾಟಲಿಯನ್ನೂ ಮುಟ್ಟಬಾರದು. ದನ ಕಂದು ಹಾಕುವ ಬ್ರುಸೆಲ್ಲೋಸಿಸ್ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಅದು ಮನುಷ್ಯನ ಕೈಗೆ ಚುಚ್ಚಿದರೆ ಮನುಷ್ಯನಿಗೇ ರೋಗ ಬರಬಹುದು. ಸಿಬ್ಬಂದಿ ಆ ಲಸಿಕೆ ಹಾಕುವಾಗ ಕರು ಹಿಡಿಯಲು ಗರ್ಭಿಣಿಯರನ್ನು ಕಳಿಸಬೇಡಿ.

ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದಲ್ಲಿ ಬರಿಗಾಲು ಇರುತ್ತದೆ. ಕೊಟ್ಟಿಗೆಯಲ್ಲಿ ಬಿದ್ದರೆ ಗೋದಲಿಯ ಮೇವಿನ ಜೊತೆ ಹಸುವಿನ ಹೊಟ್ಟೆಗೆ ಹೋಗುತ್ತದೆ. ಹಸು ನಮ್ಮಂತೆ ಅಗಿದು ನೋಡಿ ನುಂಗುವುದಿಲ್ಲ. ಒಳಗೆ ಹೋದ ಸೂಜಿ, ತಂತಿ, ಮೊಳೆ ಹೊಟ್ಟೆಯ ಗೋಡೆ ದಾಟಿ ಹೃದಯಕ್ಕೆ ಚುಚ್ಚಿ ಹಸು ಸಾಯುವುದನ್ನು ಪಶುವೈದ್ಯರೆಲ್ಲರೂ ನೋಡಿದ್ದಾರೆ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೂಜಿಗಳನ್ನು ಕೂಡಿಡಿ, ಮಕ್ಕಳ ಕೈಗೆ ಸಿಗದಂತೆ ಇಡಿ, ತುಂಬಿದ ಮೇಲೆ ಪಶು ಆಸ್ಪತ್ರೆಗೆ ಒಪ್ಪಿಸಿ. ಹಾಕಿದ ಸೂಜಿಯ ಲೆಕ್ಕ, ತೆಗೆದ ಸೂಜಿಯ ಲೆಕ್ಕ ಸರಿಹೊಂದಬೇಕು.

ಕೊಟ್ಟಿಗೆಯ ಗೋಡೆಗೆ ಒಂದು ಪುಸ್ತಕ ನೇತುಹಾಕಿ. ತಾರೀಖು, ಹಸು, ಔಷಧ, ಎಷ್ಟು ಮಿಲಿ, ಯಾವ ಪಕ್ಕ, ಯಾರು ಹಾಕಿದರು, ಹಾಲು ಯಾವ ದಿನದಿಂದ ಹಾಕಬಹುದು. ಒಂದು ಸಾಲು ಸಾಕು. ಡಾಕ್ಟರು ಮುಂದಿನ ಸಲ ಬಂದಾಗ ಆ ಒಂದು ಸಾಲು ಅವರಿಗೆ ಅರ್ಧ ರೋಗ ಹೇಳುತ್ತದೆ.

ಆ ಕಡಸಿನ ಮನೆಯಲ್ಲಿ ಅಂಥ ಪುಸ್ತಕ ಇರಲಿಲ್ಲ, ಕುತ್ತಿಗೆಯ ತ್ರಿಕೋನ ತೋರಿಸಿದವರೂ ಇರಲಿಲ್ಲ. ಇಂದು ಇಲ್ಲಿ ಕುಳಿತ ತಾವು ಊರಿಗೆ ಹೋದ ಮೇಲೆ ಸೂಜಿ ಹಿಡಿಯುವ ಇನ್ನೊಬ್ಬ ಸದಸ್ಯರಿಗೆ ಇಷ್ಟನ್ನು ಹೇಳಿದರೆ, ನಾನು ಬಂದದ್ದು ಸಾರ್ಥಕ. ಹೇಳಲು ಧೈರ್ಯ ಬಾರದಿದ್ದರೆ ಈ ಪತ್ರಿಕೆಯನ್ನು ಸಂಘದ ಗೋಡೆಗೆ ಅಂಟಿಸಿ.